ತಾತ, ಅಜ್ಜಿ, ಮಕ್ಕಳ ಜೊತೆ ವಾಷಿಂಗ್ಟನ್ ಮನೆಗೆ: ಅಡುಗೆಮನೆಯಿಂದ ಶುರು ಮಾಡಿ

ಪ್ರಶ್ನೆ: ನಾವು ನ್ಯೂಜೆರ್ಸಿಯ ಪಾರ್ಸಿಪನಿ ಹತ್ತಿರ ಇದ್ದೇವೆ. ಜೂನ್‌ನಲ್ಲಿ ಮಂಡ್ಯದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಸೆಪ್ಟೆಂಬರ್ ಮಧ್ಯದವರೆಗೆ ಇರುತ್ತಾರೆ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಸಮಾಜ ಪಾಠ ಮಾಡುತ್ತಿದ್ದರು. ಅಮ್ಮನಿಗೆ ಮಂಡಿ ನೋವು. ಮಗಳಿಗೆ 11 ವರ್ಷ, ಮಗನಿಗೆ 6. ಮಗಳಿಗೆ ಶಾಲೆಯಲ್ಲಿ ಅಮೆರಿಕದ ಕ್ರಾಂತಿಯ ಪಾಠ ಆಗಿದೆ. ವಾಷಿಂಗ್ಟನ್ ಮನೆ, ಜೆಫರ್ಸನ್ ಮನೆ ನೋಡಲೇಬೇಕು ಅಂತ ಹಟ ಹಿಡಿದಿದ್ದಾಳೆ. ಯಜಮಾನರು ಮಾತ್ರ "ಮೈಸೂರು ಅರಮನೆ ನೋಡಿದವರಿಗೆ ಆ ಹಳೇ ಮನೆಗಳಲ್ಲಿ ಏನಿದೆ?" ಅಂತಾರೆ. ಎಲ್ಲಿಂದ ಶುರು ಮಾಡಬೇಕು, ಎಷ್ಟು ನೋಡಬೇಕು? ಅಪ್ಪ ಅಮ್ಮನಿಗೆ ಬೇಜಾರಾಗದ ಹಾಗೆ ಮಾಡೋದು ಹೇಗೆ? ಗುಲಾಮಗಿರಿಯ ವಿಷಯ ಆರು ವರ್ಷದ ಮಗುವಿಗೆ ಹೇಳಬೇಕಾ, ಬೇಡವಾ?

ಉತ್ತರ: ನಿಮ್ಮ ಯಜಮಾನರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕಲ್ಯಾಣ ಮಂಟಪದ ಬಣ್ಣದ ಗಾಜು, ಚಿನ್ನದ ಅಂಬಾರಿ ನೋಡಿದ ಕಣ್ಣಿಗೆ ವಾಷಿಂಗ್ಟನ್ ಮನೆ ಒಂದು ದೊಡ್ಡ ಜಮೀನ್ದಾರರ ಮನೆ, ಅಷ್ಟೇ. ಆದರೆ ವಯಸ್ಸಿನ ಲೆಕ್ಕ ಹಾಕಿ ನೋಡಿ. ನಾವು ಈಗ ನೋಡುವ ಮೈಸೂರು ಅರಮನೆ 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಿದ್ದು, 1912ರಲ್ಲಿ ಮುಗಿದದ್ದು. ವಾಷಿಂಗ್ಟನ್ ಮನೆ ಅದಕ್ಕಿಂತ ನೂರು ವರ್ಷಕ್ಕೂ ಹಿಂದಿನದು. ಹೋಲಿಸಲೇಬೇಕು ಅಂದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಜೊತೆ ಹೋಲಿಸಿ. ಟಿಪ್ಪು ಅದನ್ನು ಕಟ್ಟಿಸಿದ್ದು 1784ರಲ್ಲಿ. ಅದೇ ಹೊತ್ತಿಗೆ ಯುದ್ಧ ಮುಗಿಸಿ ಊರಿಗೆ ಬಂದಿದ್ದ ವಾಷಿಂಗ್ಟನ್ ಪೊಟೋಮ್ಯಾಕ್ ನದಿ ದಂಡೆಯ ತನ್ನ ಮನೆಯ ಕೆಲಸ ಪೂರ್ತಿ ಮಾಡಿಸುತ್ತಿದ್ದ. 1787ರಲ್ಲಿ ಮನೆಯ ನೆತ್ತಿಯ ಮೇಲೆ, ಗಾಳಿಯ ದಿಕ್ಕು ತೋರಿಸುವುದಕ್ಕೆ, ಬಾಯಲ್ಲಿ ಆಲಿವ್ ಕೊಂಬೆ ಹಿಡಿದ ಪಾರಿವಾಳ ಇಡಿಸಿದ. ಎರಡೂ ಮರದ ಕೆಲಸ ಜಾಸ್ತಿ ಇರುವ ಕಟ್ಟಡ. ಎರಡೂ ನದಿ ಪಕ್ಕ. ಇಬ್ಬರೂ ಕಾದಾಡಿದ್ದು ಬ್ರಿಟಿಷರ ಮೇಲೆಯೇ.

ಈ ಕೊನೆಯ ಮಾತು ನಿಮ್ಮ ತಂದೆಯವರಿಗಾಗಿ. ಮಂಡ್ಯದವರು ಅಂದಿರಲ್ಲ, ಅದಕ್ಕೇ ಅದಕ್ಕೆ ಮತ್ತೆ ಬರುತ್ತೇನೆ.

ಮೊದಲು ಎಷ್ಟು ಮನೆ ನೋಡಬೇಕು ಅನ್ನೋದು. ದಿನಕ್ಕೆ ಒಂದು. ಇದರಲ್ಲಿ ರಾಜಿ ಬೇಡ. ನಾನು ಹನ್ನೆರಡು ವರ್ಷದಿಂದ ವಾರಾಂತ್ಯಗಳಲ್ಲಿ ಇಂಥದ್ದೇ ಒಂದು ಹಳೇ ಮನೆಯಲ್ಲಿ ಗೈಡ್ ಕೆಲಸ ಮಾಡುತ್ತಿದ್ದೇನೆ. ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಬಾಗಿಲಿಗೆ ಬರುವ ಕುಟುಂಬಗಳ ಮುಖ ನೋಡಿದರೆ ಗೊತ್ತಾಗುತ್ತದೆ, ಬೆಳಿಗ್ಗೆ ಇನ್ನೊಂದು ಮನೆ ಮುಗಿಸಿ ಬಂದಿದ್ದಾರೆ ಅಂತ. ಮಕ್ಕಳು ಕೋಣೆಗೆ ಅಡ್ಡ ಕಟ್ಟಿದ ಹಗ್ಗ ಹಿಡಿದು ಜೋತಾಡುತ್ತಿರುತ್ತಾರೆ. ಹಿರಿಯರು ಕೂರುವುದಕ್ಕೆ ಕುರ್ಚಿ ಹುಡುಕುತ್ತಿರುತ್ತಾರೆ. ಇರುವ ಕುರ್ಚಿಗಳೆಲ್ಲ ಇನ್ನೂರೈವತ್ತು ವರ್ಷ ಹಳೆಯವು, ಕೂರುವ ಹಾಗಿಲ್ಲ. ನನ್ನ ಅಪ್ಪ ಅಮ್ಮ ಮೊದಲ ಸಲ ಬಂದಾಗ ನಾನೂ ಹೀಗೇ ಮಾಡಿದ್ದೆ. ಒಂದೇ ದಿನ ಮೂರು ಮನೆ. ಮೂರನೆಯ ಮನೆಯಲ್ಲಿ ಅಪ್ಪ ಒಳಗೇ ಬರಲಿಲ್ಲ. ಹೊರಗೆ ಮರದ ಕೆಳಗೆ ಕಲ್ಲಿನ ಮೇಲೆ ಕೂತು "ನೀವು ನೋಡ್ಕೊಂಡ್ ಬನ್ನಿ" ಅಂದರು. ಈಗಲೂ ಅದನ್ನು ನೆನೆಸಿಕೊಂಡರೆ ಕೆಡುಕೆನಿಸುತ್ತದೆ.

ಆದರೆ ಆ ಪ್ರವಾಸದಲ್ಲೇ ನನ್ನ ಕಣ್ಣು ತೆರೆಸಿದ ಒಂದು ಗಳಿಗೆಯೂ ಇತ್ತು. ಎರಡನೆಯದು ಒಂದು ಸಣ್ಣ ರೈತನ ಮನೆ. ಅಡುಗೆಮನೆಯಲ್ಲಿ ಗೈಡ್ ಹೆಂಗಸು ಹಳೇ ಕಾಲದ ಉಡುಪು ಹಾಕಿಕೊಂಡು ಕೆನೆ ಕಡೆಯುತ್ತಿದ್ದಳು. ಉದ್ದನೆಯ ಮರದ ಡಬ್ಬ, ಮುಚ್ಚಳದ ತೂತಿನಲ್ಲಿ ಒಂದು ಕೋಲು. ಅದನ್ನು ಮೇಲಕ್ಕೆ ಕೆಳಕ್ಕೆ ಆಡಿಸಬೇಕು. ಬಂದವರಿಗೆಲ್ಲ ಒಂದೊಂದು ಸಲ ಆಡಿಸಲು ಕೊಡುತ್ತಿದ್ದಳು. ಅಮ್ಮ ಮುಂದೆ ಹೋಗಿ ಕೋಲು ಹಿಡಿದರು. ಇಂಗ್ಲಿಷ್ ಒಂದಕ್ಷರ ಬಾರದು. ನಾಲ್ಕು ಸಲ ಆಡಿಸಿ, ಕಿವಿ ಹತ್ತಿರ ತಂದು, "ಇನ್ನೂ ಆಗಿಲ್ಲ" ಅಂದರು. ಮತ್ತೆ ಆಡಿಸಿದರು. ಸದ್ದು ಬದಲಾಯಿತು. ತೆಳ್ಳಗೆ ಕುಲುಕುತ್ತಿದ್ದದ್ದು ದಪ್ಪಗಾಯಿತು. "ಬಂತು, ನಿಲ್ಲಿಸು" ಅಂತ ಕೈ ತೋರಿಸಿದರು. ಆ ಹೆಂಗಸು ಮುಚ್ಚಳ ತೆಗೆದಳು. ಬೆಣ್ಣೆ ಕಾಳುಕಾಳಾಗಿ ತೇಲುತ್ತಿತ್ತು. ಆಮೇಲೆ ಹತ್ತು ನಿಮಿಷ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿದರು. ನಮ್ಮ ಕಡೆ ಕಂಬಕ್ಕೆ ಹಗ್ಗ ಕಟ್ಟಿ ಕಡಗೋಲನ್ನು ತಿರುಗಿಸುತ್ತೇವೆ ಅಂತ ಅಮ್ಮ ಗಾಳಿಯಲ್ಲೇ ಎಳೆದು ತೋರಿಸಿದರು. ನನ್ನ ಮಗ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅಜ್ಜಿಗೆ ಇದೆಲ್ಲ ಗೊತ್ತಾ ಅಂತ.

ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇದೊಂದೇ. ಈ ಮನೆಗಳಿಗೆ ದಿವಾನಖಾನೆಯಿಂದ ಹೋಗಬೇಡಿ, ಅಡುಗೆಮನೆಯಿಂದ ಹೋಗಿ. ಮತ್ತೆ ಅಲ್ಲಿ ಅಜ್ಜಿಯನ್ನು ಮುಂದೆ ಬಿಡಿ. ಸೌದೆ ಒಲೆ, ಬೂದಿಯಲ್ಲಿ ಮುಚ್ಚಿಟ್ಟ ಕೆಂಡ, ಬಾವಿ, ಎಣ್ಣೆ ದೀಪ, ಕಬ್ಬಿಣದ ಬಾಣಲೆ, ಧಾನ್ಯ ಬೀಸುವ ಕಲ್ಲು. ಅಮೆರಿಕದ ಮಕ್ಕಳಿಗೆ ಇವು ಮ್ಯೂಸಿಯಂ ವಸ್ತು. ಮಂಡ್ಯದ ಹಳ್ಳಿಯಲ್ಲಿ ಬೆಳೆದ 65–70 ವರ್ಷದವರಿಗೆ ಇವು ಕೈಯಲ್ಲಿ ಆಡಿದ ಸಾಮಾನು. ಗೈಡ್ ಓದಿ ತಿಳಿದದ್ದನ್ನು ಹೇಳುತ್ತಾರೆ. ನಿಮ್ಮ ಅಮ್ಮ ಮಾಡಿ ತಿಳಿದದ್ದನ್ನು ಹೇಳುತ್ತಾರೆ. ನಿಮ್ಮ ಮಕ್ಕಳು ಅಜ್ಜಿಯ ಬಾಲ್ಯವನ್ನು ಕಣ್ಣೆದುರು ನೋಡುವುದಕ್ಕೆ ಇಷ್ಟು ಒಳ್ಳೆಯ ಜಾಗ ಈ ದೇಶದಲ್ಲಿ ಬೇರೆ ಇಲ್ಲ.

ಹಾಗಾಗಿ ಶುರು ಮಾಡುವುದಕ್ಕೆ ವರ್ಜೀನಿಯಾ ತನಕ ಹೋಗಬೇಡಿ. ನಿಮ್ಮ ಮನೆಯಿಂದ ಕಾಲು ಗಂಟೆ ದೂರದ ಮೋರಿಸ್‌ಟೌನ್‌ಗೆ ಹೋಗಿ. ಅಲ್ಲಿರುವ ಫೋರ್ಡ್ ಮ್ಯಾನ್ಷನ್‌ನಲ್ಲಿ 1779ರ ಡಿಸೆಂಬರ್‌ನಿಂದ 1780ರ ಜೂನ್‌ವರೆಗೆ ವಾಷಿಂಗ್ಟನ್ ತನ್ನ ಪರಿವಾರದ ಜೊತೆ ಇದ್ದ. ಮನೆ ಅವನದಲ್ಲ. ಥಿಯೋಡೋಸಿಯಾ ಫೋರ್ಡ್ ಅನ್ನುವ ವಿಧವೆಯದು. ಅವಳು ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಎರಡು ಕೋಣೆಗೆ ಸರಿದು, ಉಳಿದದ್ದನ್ನು ಸೇನಾಪತಿಗೆ ಬಿಟ್ಟುಕೊಟ್ಟಳು. ಆ ಚಳಿಗಾಲ ಭಯಂಕರವಾದದ್ದು. ಅಡುಗೆಮನೆ ಮಾತ್ರ ಒಂದೇ. 1780ರ ಜನವರಿಯಲ್ಲಿ ವಾಷಿಂಗ್ಟನ್ ಬರೆದ ಕಾಗದ ಒಂದಿದೆ. ನನ್ನ ಕಡೆಯ ಹದಿನೆಂಟು ಜನ, ಜೊತೆಗೆ ಶ್ರೀಮತಿ ಫೋರ್ಡ್ ಕಡೆಯವರೆಲ್ಲ ಅವರ ಅಡುಗೆಮನೆಯಲ್ಲಿ ಒತ್ತಿಕೊಂಡು ಕೂತಿದ್ದಾರೆ, ನೆಗಡಿ ಹಿಡಿದು ಯಾರಿಗೂ ಮಾತೇ ಹೊರಡುತ್ತಿಲ್ಲ ಅಂತ ಅದರಲ್ಲಿ ದೂರಿದ್ದಾನೆ. ಇದನ್ನು ಹಿಂದಿನ ರಾತ್ರಿಯೇ ಮಕ್ಕಳಿಗೆ ಹೇಳಿ. ಮಾರನೆ ದಿನ ಆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇಷ್ಟರಲ್ಲಿ ಎಷ್ಟು ಜನ ಹಿಡಿಸುತ್ತಾರೆ ಅಂತ ಎಣಿಸಲಿ. ನಿಮ್ಮ ಅಮ್ಮನಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಮದುವೆ ಮನೆಯಲ್ಲಿ ಒಂದೇ ಒಲೆಗೆ ಎರಡು ಕಡೆಯವರು ಸೇರಿದರೆ ಹೇಗಿರುತ್ತದೆ ಅಂತ ಅವರಿಗೆ ಗೊತ್ತು, ಅಲ್ವಾ?

ಅಲ್ಲಿಂದ ಸ್ವಲ್ಪ ದೂರದಲ್ಲೇ ಜಾಕಿ ಹಾಲೋ ಅನ್ನುವ ಕಾಡಿದೆ. ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಆ ಚಳಿಗಾಲ ಕಳೆದದ್ದು ಅಲ್ಲಿ, ತಾವೇ ಮರ ಕಡಿದು ಕಟ್ಟಿಕೊಂಡ ಗುಡಿಸಲುಗಳಲ್ಲಿ. ಕೆಲವನ್ನು ಮತ್ತೆ ಕಟ್ಟಿಟ್ಟಿದ್ದಾರೆ. ಒಳಗೆ ಹಲಗೆ ಮಂಚಗಳು, ಒಂದು ಒಲೆ. ನಿಮ್ಮ ಮಗನಿಗೆ ಅಲ್ಲಿರುವ ವಿಕ್ ಮನೆ ಹಿಡಿಸುತ್ತದೆ. ಆ ಮನೆಯ ಹುಡುಗಿ ಟೆಂಪಿ, ಸೈನಿಕರು ಕಿತ್ತುಕೊಳ್ಳುತ್ತಾರೆ ಅಂತ ತನ್ನ ಕುದುರೆಯನ್ನು ಮಲಗುವ ಕೋಣೆಯಲ್ಲಿ ಬಚ್ಚಿಟ್ಟಿದ್ದಳು ಅಂತ ಒಂದು ಕತೆ. ನಡೆದದ್ದಕ್ಕೆ ದಾಖಲೆ ಇಲ್ಲ, ಜನರ ಬಾಯಲ್ಲಿ ಉಳಿದದ್ದು. ಹಾಗಂತಲೇ ಹೇಳಿ. ಆ ಕೋಣೆಯಲ್ಲಿ ಕುದುರೆ ಹಿಡಿಸುತ್ತದಾ ಅಂತ ಅವನೇ ಅಳೆದು ನೋಡಲಿ. ಇದು ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಗ. ಮಕ್ಕಳಿಗೆ ಜೂನಿಯರ್ ರೇಂಜರ್ ಅಂತ ಒಂದು ಪುಸ್ತಕ ಕೊಡುತ್ತಾರೆ. ಅದರ ಪ್ರಶ್ನೆಗಳಿಗೆ ಉತ್ತರ ಬರೆದು ತೋರಿಸಿದರೆ ರೇಂಜರ್ ಎದುರು ಪ್ರಮಾಣ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ಒಂದು ಬ್ಯಾಡ್ಜ್ ಸಿಕ್ಕಿತು ಅಂದರೆ ಮುಂದಿನ ಜಾಗಕ್ಕೆ ಮಕ್ಕಳೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ.

ನೂಲುವ ರಾಟೆಯೂ ಇಂಥ ಮನೆಗಳಲ್ಲಿ ಸಾಮಾನ್ಯ. ಅದು ಕಂಡ ಕಡೆ ನಿಮ್ಮ ತಂದೆಯವರನ್ನು ನಿಲ್ಲಿಸಿ ಇದನ್ನು ಹೇಳಿ. 1760ರ ದಶಕದಲ್ಲಿ ಬ್ರಿಟಿಷರು ಒಂದಾದ ಮೇಲೊಂದು ತೆರಿಗೆ ಹಾಕಿದಾಗ ಇಲ್ಲಿನವರು ಇಂಗ್ಲೆಂಡಿನ ಬಟ್ಟೆ ಬೇಡ ಅಂದರು. ಹೆಂಗಸರು ಗುಂಪಾಗಿ ಕೂತು ನೂಲು ತೆಗೆದರು, ಮನೆಯಲ್ಲಿ ನೇಯ್ದದ್ದನ್ನು ಉಟ್ಟರು. ಗಾಂಧೀಜಿಯ ಚರಕಕ್ಕೂ ಒಂದೂವರೆ ಶತಮಾನ ಮುಂಚೆ. ಶಿವಪುರದ ಧ್ವಜ ಸತ್ಯಾಗ್ರಹ ನಡೆದ ಜಿಲ್ಲೆಯ ಮೇಷ್ಟ್ರಿಗೆ ಇಷ್ಟು ಹೇಳಿದರೆ ಸಾಕು, ಮುಂದಿನ ಪಾಠ ಅವರೇ ಮಾಡುತ್ತಾರೆ.

ಎರಡನೆಯ ಪ್ರವಾಸ ಫಿಲಡೆಲ್ಫಿಯಾ. ಒಂದು ದಿನ ಸಾಕು. 1776ರ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಒಪ್ಪಿಗೆ ಬಿದ್ದ ಇಂಡಿಪೆಂಡೆನ್ಸ್ ಹಾಲ್ ಅಲ್ಲಿದೆ. ಬೇಸಿಗೆಯಲ್ಲಿ ಸಮಯ ಗೊತ್ತು ಮಾಡಿದ ಟಿಕೆಟ್ ಬೇಕು. ಮುಂಗಡ ಬುಕ್ ಮಾಡಿಕೊಂಡೇ ಹೋಗಿ, ಶುಲ್ಕ ತೀರಾ ಕಮ್ಮಿ. ಒಳಗೆ ವಾಷಿಂಗ್ಟನ್ ಕೂತಿದ್ದ ಕುರ್ಚಿ ಇದೆ, ಬೆನ್ನಿನ ಮೇಲೆ ಅರ್ಧ ಸೂರ್ಯನ ಕೆತ್ತನೆ. ಇದು ಮುಳುಗುವ ಸೂರ್ಯನೋ ಹುಟ್ಟುವ ಸೂರ್ಯನೋ ಅಂತ ಸಭೆ ನಡೆದಷ್ಟು ದಿನವೂ ನೋಡುತ್ತಿದ್ದೆ, ಈಗ ಗೊತ್ತಾಯಿತು ಹುಟ್ಟುವ ಸೂರ್ಯ ಅಂತ ಬೆಂಜಮಿನ್ ಫ್ರಾಂಕ್ಲಿನ್ ಸಂವಿಧಾನಕ್ಕೆ ಸಹಿ ಬೀಳುವಾಗ ಹೇಳಿದ. ಆ ಫ್ರಾಂಕ್ಲಿನ್ ಮನೆಯೂ ಅಲ್ಲೇ ಹತ್ತಿರ ಇತ್ತು, 1812ರಲ್ಲಿ ಕೆಡವಿಬಿಟ್ಟರು. ಈಗ ಆ ಜಾಗದಲ್ಲಿ ಮನೆಯ ಆಕಾರಕ್ಕೆ ಬರೀ ಉಕ್ಕಿನ ಚೌಕಟ್ಟು ನಿಲ್ಲಿಸಿದ್ದಾರೆ. ಗೋಡೆ ಇಲ್ಲ, ಚಾವಣಿ ಇಲ್ಲ. ಕೆಳಗೆ ನೆಲದಲ್ಲಿ ಕಿಂಡಿ ಬಿಟ್ಟು ಹಳೆಯ ಪಾಯ ತೋರಿಸಿದ್ದಾರೆ. ಗೊತ್ತಿಲ್ಲದ್ದನ್ನು ಊಹಿಸಿ ಕಟ್ಟಲಿಲ್ಲ ಅನ್ನುವುದೇ ನನಗೆ ಅಲ್ಲಿ ಇಷ್ಟವಾದದ್ದು. ಲಿಬರ್ಟಿ ಬೆಲ್ ಮುಂದೆ ಫೋಟೊ ತೆಗೆದುಕೊಂಡು ಮುಂದೆ ಹೋಗಿ, ಹೆಚ್ಚು ಹೊತ್ತು ಬೇಡ. ಬದಲಿಗೆ ಎಲ್ಫ್ರೆತ್ಸ್ ಆಲಿ ಅನ್ನುವ ಓಣಿಗೆ ಹೋಗಿ. 1700ರ ದಶಕದ ಕಸುಬುದಾರರ ಸಣ್ಣ ಸಣ್ಣ ಇಟ್ಟಿಗೆ ಮನೆಗಳು, ಈಗಲೂ ಜನ ವಾಸ ಇದ್ದಾರೆ. ಕಿಟಕಿಯಲ್ಲಿ ಇಣುಕಬೇಡ ಅಂತ ಮಗನಿಗೆ ಮೊದಲೇ ಹೇಳಿಡಿ.

ಫಿಲಡೆಲ್ಫಿಯಾದಲ್ಲಿ ನಿಮ್ಮ ತಂದೆಯವರಿಗೆ ಹೇಳಲೇಬೇಕಾದ್ದು ಇನ್ನೊಂದಿದೆ. ಕ್ರಾಂತಿಯ ಕಾಲದಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧ ಹಡಗಿಗೆ ಹೈದರ್ ಅಲಿ ಅಂತ ಹೆಸರಿಟ್ಟಿದ್ದರು. ನಮ್ಮ ಹೈದರನೇ. ಬ್ರಿಟಿಷರನ್ನು ಆ ಕಡೆ ಅವನು ಹಣ್ಣು ಮಾಡುತ್ತಿದ್ದ ಸುದ್ದಿ ಇಲ್ಲಿಗೂ ಬಂದಿತ್ತು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ, ಕೇಪ್ ಮೇ ಹತ್ತಿರ, ಜೋಷುವಾ ಬಾರ್ನಿ ನಾಯಕನಾಗಿದ್ದ ಈ ಹಡಗು ಜನರಲ್ ಮಂಕ್ ಅನ್ನುವ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಬೇಸಿಗೆಯಲ್ಲಿ ಹೇಗೂ ಒಂದು ಸಲ ಕೇಪ್ ಮೇ ಬೀಚ್‌ಗೆ ಹೋಗುತ್ತೀರಿ. ಆಗ ನೀರಿನ ಕಡೆ ಕೈ ತೋರಿಸಿ ಈ ಕತೆ ಹೇಳುವ ಕೆಲಸ ತಾತನಿಗೆ ಬಿಡಿ.

ಮೂರನೆಯದು ದೊಡ್ಡ ಪ್ರವಾಸ, ನಾಲ್ಕು ದಿನದ್ದು. ದಾರಿಯಲ್ಲಿ ಬಾಲ್ಟಿಮೋರ್‌ನಲ್ಲಿ ಇಳಿದು ಫೋರ್ಟ್ ಮೆಕ್‌ಹೆನ್ರಿ ನೋಡಿ. ಕ್ರಾಂತಿ ಮುಗಿದ ಮೇಲೆ ಬ್ರಿಟಿಷರ ಜೊತೆ ಮತ್ತೆ ನಡೆದ ಯುದ್ಧದಲ್ಲಿ, 1814ರ ಸೆಪ್ಟೆಂಬರ್‌ನಲ್ಲಿ, ಬ್ರಿಟಿಷ್ ಹಡಗುಗಳು ಈ ಕೋಟೆಯ ಮೇಲೆ ಹಗಲು ರಾತ್ರಿ ಬಾಂಬು, ರಾಕೆಟ್ ಸುರಿಸಿದವು. ಬೆಳಗಾದಾಗ ಬಾವುಟ ಹಾರುತ್ತಿದ್ದದ್ದು ಕಂಡು ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯವೇ ಅಮೆರಿಕದ ರಾಷ್ಟ್ರಗೀತೆ. ನಿಮ್ಮ ಮಗಳು ಶಾಲೆಯಲ್ಲಿ ಹಾಡುವ ಆ ಗೀತೆಯಲ್ಲಿ ರಾಕೆಟ್‌ಗಳ ಕೆಂಪು ಬೆಳಕಿನ ಮಾತು ಬರುತ್ತದೆ. ಅವು ಕಾಂಗ್ರೀವ್ ರಾಕೆಟ್‌ಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರ ಕೈಗೆ ಸಿಕ್ಕಿದ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರಕ್ಕೆ ಹೋದವು. ವಿಲಿಯಂ ಕಾಂಗ್ರೀವ್ ತನ್ನದನ್ನು ಮಾಡಿದ್ದು ಅವುಗಳ ಹಿನ್ನೆಲೆಯಲ್ಲಿ. ಈ ವಿಷಯವನ್ನು ಕಾರಲ್ಲೇ ಹೇಳಬೇಡಿ. ಕೋಟೆಯ ಗೋಡೆ ಮೇಲೆ ನಿಂತು, ಮಗಳಿಂದ ಹಾಡು ಹೇಳಿಸಿ, ಆ ಸಾಲು ಬಂದಾಗ ನಿಲ್ಲಿಸಿ ಹೇಳಿ. ಹವೆ ಚೆನ್ನಾಗಿದ್ದ ದಿನ ಅಲ್ಲಿನ ರೇಂಜರ್‌ಗಳು ಅಂದಿನ ಅಳತೆಯ ದೊಡ್ಡ ಬಾವುಟ ಬಿಚ್ಚುತ್ತಾರೆ. 30 ಅಡಿ ಅಗಲ, 42 ಅಡಿ ಉದ್ದ. ಬಂದವರೆಲ್ಲ ಅಂಚು ಹಿಡಿದು ನಿಲ್ಲಬೇಕು. ಮೂಲ ಬಾವುಟ ಹೊಲಿದ ಮೇರಿ ಪಿಕರ್ಸ್‌ಗಿಲ್ ಮನೆಯೂ ಬಾಲ್ಟಿಮೋರ್‌ನಲ್ಲೇ ಇದೆ. ಆದರೆ ದಿನಕ್ಕೆ ಒಂದೇ ಅಂದೆನಲ್ಲ, ಬಿಟ್ಟುಬಿಡಿ.

ಮಾರನೆಯ ದಿನ ಮೌಂಟ್ ವರ್ನನ್, ಅಂದರೆ ವಾಷಿಂಗ್ಟನ್ನನ ಸ್ವಂತ ಮನೆ. ಪೂರ್ತಿ ದಿನ ಅದಕ್ಕೇ ಇಡಿ. ಇದನ್ನು ಸರ್ಕಾರ ನೋಡಿಕೊಳ್ಳುತ್ತಿಲ್ಲ. ಮನೆ ಕುಸಿಯುವ ಸ್ಥಿತಿಗೆ ಬಂದಾಗ ಸೌತ್ ಕ್ಯಾರೊಲಿನಾದ ಆನ್ ಪಮೇಲಾ ಕನ್ನಿಂಗ್‌ಹ್ಯಾಮ್ ಅನ್ನುವ ಹೆಣ್ಣುಮಗಳು 1853ರಲ್ಲಿ ಹೆಂಗಸರ ಸಂಘ ಕಟ್ಟಿ, ಊರೂರಿಂದ ಚಂದಾ ಎತ್ತಿ, ಎರಡು ಲಕ್ಷ ಡಾಲರ್‌ಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಳು. ಇವತ್ತಿಗೂ ಆ ಸಂಘದ್ದೇ. ಹೊರಗೋಡೆ ಹತ್ತಿರ ಹೋಗಿ ನೋಡಿ. ದೂರಕ್ಕೆ ಕಲ್ಲಿನ ದಿಂಡುಗಳ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಮರ. ಹಲಗೆಯ ಅಂಚು ಕೆತ್ತಿ, ಹಸಿ ಬಣ್ಣದ ಮೇಲೆ ಮರಳು ಎರಚಿ ಕಲ್ಲಿನ ರೂಪ ಕೊಟ್ಟಿದ್ದಾರೆ. ಒಳಗೆ ನಡುಮನೆಯ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಬೀಗದ ಕೈ ಇದೆ. ಪ್ಯಾರಿಸ್‌ನ ಬಾಸ್ಟೀಲ್ ಜೈಲಿನದು. ಜನ ಆ ಜೈಲನ್ನು ಒಡೆದ ಮೇಲೆ, ಅಮೆರಿಕದ ಕ್ರಾಂತಿಯಲ್ಲಿ ವಾಷಿಂಗ್ಟನ್ ಕೈಕೆಳಗೆ ಕಾದಾಡಿದ್ದ ಫ್ರೆಂಚ್ ಸೇನಾನಿ ಲಫಾಯೆಟ್ ತನ್ನ ಹಳೆಯ ಸೇನಾಪತಿಗೆ ಕಳಿಸಿಕೊಟ್ಟದ್ದು. ಬಾಸ್ಟೀಲ್ ಪತನ ಅಂತ ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದ ಕೈ ನಿಮ್ಮ ತಂದೆಯವರದು. ಆ ಕೀಲಿಯ ಮುಂದೆ ಅವರಿಗೆ ಸ್ವಲ್ಪ ಹೊತ್ತು ಕೊಡಿ. ಗುಂಪು ಮುಂದೆ ಹೋದರೆ ಹೋಗಲಿ. ಮಗನಿಗೆ ಮ್ಯೂಸಿಯಂನಲ್ಲಿರುವ ವಾಷಿಂಗ್ಟನ್ನನ ಕಟ್ಟಿದ ಹಲ್ಲು ತೋರಿಸಿ. ಮರದ ಹಲ್ಲು ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ. ದಂತ, ಲೋಹ, ಪ್ರಾಣಿ ಹಲ್ಲು, ಮನುಷ್ಯರ ಹಲ್ಲು ಸೇರಿಸಿ ಮಾಡಿದ್ದು.

ಮತ್ತೆ ಅಡುಗೆಮನೆ. ಬೆಂಕಿಗೆ, ಸೆಕೆಗೆ ಹೆದರಿ ಅದನ್ನು ದೊಡ್ಡ ಮನೆಯಿಂದ ಬೇರೆಯಾಗಿ ಕಟ್ಟಿ, ನಡುವೆ ಕಂಬಗಳ ಪಡಸಾಲೆ ಮಾಡಿದ್ದಾರೆ. ಅಲ್ಲಿ ನಿಂತಾಗ ನಿಮ್ಮ ಅಮ್ಮ ಖಂಡಿತ ಒಂದು ಪ್ರಶ್ನೆ ಕೇಳುತ್ತಾರೆ. ನನ್ನ ಅಮ್ಮನೂ ಕೇಳಿದ್ದರು. "ಈ ಒಲೆ ಹಚ್ಚುತ್ತಿದ್ದದ್ದು ಯಾರು?" ಗುಲಾಮಗಿರಿಯ ಬಗ್ಗೆ ನೀವು ಕೇಳಿದ್ದಕ್ಕೆ ಉತ್ತರ ಆ ಪ್ರಶ್ನೆಯಲ್ಲೇ ಇದೆ.

ಹರ್ಕ್ಯುಲೀಸ್ ಅನ್ನುವವನು ಹಚ್ಚುತ್ತಿದ್ದ. ವಾಷಿಂಗ್ಟನ್ನನ ಅಡುಗೆಯವನು, ಹೆಸರುವಾಸಿ ಕೈ. ಆದರೆ ಅವನು ಆಳಲ್ಲ, ಗುಲಾಮ. 1797ರ ಫೆಬ್ರವರಿ 22ಕ್ಕೆ, ವಾಷಿಂಗ್ಟನ್ನನಿಗೆ 65 ತುಂಬಿದ ದಿನ, ಅವನು ಇಲ್ಲಿಂದ ಓಡಿಹೋದ. ಅದಕ್ಕೂ ಮುಂಚೆ 1796ರಲ್ಲಿ, ವಾಷಿಂಗ್ಟನ್ನನ ಹೆಂಡತಿ ಮಾರ್ಥಾಳ ಸೇವೆಗಿದ್ದ ಓನಾ ಜಡ್ಜ್ ಅನ್ನುವ ಹುಡುಗಿ ಫಿಲಡೆಲ್ಫಿಯಾದ ಮನೆಯಿಂದ, ಎಲ್ಲರೂ ಊಟಕ್ಕೆ ಕೂತಿದ್ದಾಗ ಹೊರಟುಹೋದಳು. ಇಬ್ಬರನ್ನೂ ಆಳು ಬಿಟ್ಟು ಹುಡುಕಿಸಿದರು. ಓನಾ ನ್ಯೂ ಹ್ಯಾಂಪ್‌ಶೈರ್ ಸೇರಿದಳು, ಮತ್ತೆಂದೂ ಕೈಗೆ ಸಿಗಲಿಲ್ಲ. 1799ರಲ್ಲಿ ಮೌಂಟ್ ವರ್ನನ್‌ನಲ್ಲಿ 317 ಜನ ಗುಲಾಮರಿದ್ದರು. ಅದರಲ್ಲಿ ತನ್ನ ಸ್ವಂತದ 123 ಜನರನ್ನು ಬಿಡುಗಡೆ ಮಾಡಬೇಕು ಅಂತ ವಾಷಿಂಗ್ಟನ್ ಉಯಿಲು ಬರೆದ. ಉಳಿದವರಲ್ಲಿ ಹೆಚ್ಚಿನವರು ಮಾರ್ಥಾಳ ಮೊದಲ ಗಂಡನ ಆಸ್ತಿಯ ಕಡೆಯವರು, ಅವರು ಗುಲಾಮರಾಗಿಯೇ ಉಳಿದರು. ಗಂಡ ಬಿಡುಗಡೆ, ಹೆಂಡತಿ ಮಕ್ಕಳು ಇನ್ನೂ ಬೇರೆಯವರ ಸೊತ್ತು. ಹೀಗಾದ ಸಂಸಾರಗಳೂ ಇದ್ದವು.

ಆರು ವರ್ಷದವನಿಗೆ ಹೇಳಬೇಕು. ಸುಮ್ನೆ ದಾಟಿಸಿಬಿಟ್ಟರೆ ಅವನು ನೋಡುವುದು ಅರ್ಧ ಮನೆ. ಆದರೆ ಅವನ ಅಳತೆಗೆ ಹೇಳಿ. "ಇಲ್ಲಿ ಕೆಲಸ ಮಾಡ್ತಿದ್ದವರಿಗೆ ಸಂಬಳ ಇರಲಿಲ್ಲ. ಬೇಡ ಅಂತ ಮನೆಗೆ ಹೋಗೋ ಹಾಗಿರಲಿಲ್ಲ. ಅಮ್ಮನನ್ನು ಒಂದು ಕಡೆ, ಮಗುವನ್ನು ಒಂದು ಕಡೆ ಮಾರಬಹುದಿತ್ತು. ಅದು ದೊಡ್ಡ ತಪ್ಪು." ಇಷ್ಟು ಸಾಕು. ಚಾಟಿ, ಸರಪಳಿಯ ವಿವರ ಈಗ ಬೇಡ. ಹೆಸರು ಮಾತ್ರ ಹೇಳಿ, ಹರ್ಕ್ಯುಲೀಸ್, ಓನಾ ಅಂತ. ಮಕ್ಕಳಿಗೆ ಹೆಸರು ನೆನಪಿರುತ್ತದೆ. ಹಿರಿಯರಿಗೆ ಹೇಳುವಾಗ ಇನ್ನೊಂದು ಎಚ್ಚರ ಬೇಕು. ಗುಲಾಮರು ಅಂದ ಕೂಡಲೇ ನಮ್ಮವರು "ನಮ್ಮಲ್ಲೂ ಜೀತ ಇತ್ತಲ್ಲ" ಅನ್ನುತ್ತಾರೆ. ನೋವು ಗೊತ್ತಾಗುವುದಕ್ಕೆ ಆ ಹೋಲಿಕೆ ಒಳ್ಳೆಯದೇ. ಆದರೆ ಇಲ್ಲಿ ಸಾಲದ ನೆಪವೂ ಇರಲಿಲ್ಲ. ಕಾನೂನಿನ ಪ್ರಕಾರವೇ ಮನುಷ್ಯ ಸೊತ್ತು, ಹುಟ್ಟುವ ಮಗುವೂ ಸೊತ್ತು. ಈ ವ್ಯತ್ಯಾಸವನ್ನು ನಿಮ್ಮ ಮಗಳಿಂದಲೇ ತಾತನಿಗೆ ಹೇಳಿಸಿ, ಶಾಲೆಯಲ್ಲಿ ಓದಿರುತ್ತಾಳೆ. ತೋಟ ದಾಟಿದರೆ ಗುಲಾಮರ ಸಮಾಧಿಯ ಜಾಗವಿದೆ. ಹೋವರ್ಡ್ (ಹಾರ್ವರ್ಡ್ ಅಲ್ಲ) ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದ ಸ್ಮಾರಕ 1983ರಿಂದ ಅಲ್ಲಿದೆ. ವಾಷಿಂಗ್ಟನ್ ಸಮಾಧಿಗೆ ಹೋದವರು ಅಲ್ಲಿಗೂ ಹೋಗಿ ಎರಡು ನಿಮಿಷ ನಿಲ್ಲಿ.

ಮೂರನೆಯ ದಿನ ಯಾರ್ಕ್‌ಟೌನ್. ನಿಮ್ಮ ತಂದೆಯವರ ದಿನ ಇದು. 1781ರ ಅಕ್ಟೋಬರ್ 19ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಇಲ್ಲಿ ಶರಣಾಯಿತು. ಕಾರ್ನ್‌ವಾಲಿಸ್ ಮೈ ಸರಿ ಇಲ್ಲ ಅಂತ ತಾನು ಬಾರದೆ ಕೈಕೆಳಗಿನವನನ್ನು ಕಳಿಸಿದ. ಹನ್ನೊಂದು ವರ್ಷದ ಮೇಲೆ ಅದೇ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಕೋಟೆ ಮುಂದೆ ನಿಂತಿದ್ದ, ಈ ಸಲ ಗೆದ್ದವನಾಗಿ. 1792ರ ಒಪ್ಪಂದದಲ್ಲಿ ಟಿಪ್ಪುವಿನಿಂದ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಜೊತೆಗೆ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡ. ನಮ್ಮ ಪಾಠದ ಪುಸ್ತಕದಲ್ಲಿ ಅವನು ಒಂದು ಅಧ್ಯಾಯದಲ್ಲಿ ಬರುತ್ತಾನೆ, ನಿಮ್ಮ ಮಗಳ ಪುಸ್ತಕದಲ್ಲಿ ಇನ್ನೊಂದರಲ್ಲಿ. ಶರಣಾಗತಿಯ ಬಯಲಲ್ಲಿ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ. ಮೊಮ್ಮಗಳು 1781 ಹೇಳಲಿ, ತಾತ 1792 ಹೇಳಲಿ. ನನ್ನ ಅಪ್ಪ ಇಲ್ಲಿಗೆ ಬಂದದ್ದು ಎರಡನೆಯ ಸಲ ಅಮೆರಿಕಕ್ಕೆ ಬಂದಾಗ. ಬಯಲು ನೋಡುತ್ತಾ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ "ಇಲ್ಲಿಂದ ಎದ್ದು ಅಲ್ಲಿಗೆ ಬಂದನಾ" ಅಂದರು. ಅಮ್ಮನ ಮಂಡಿಗೂ ಈ ಜಾಗ ಒಳ್ಳೆಯದು. ರಣರಂಗವನ್ನು ಕಾರಲ್ಲೇ ಸುತ್ತಬಹುದು.

ನಾಲ್ಕನೆಯ ದಿನ ಪಕ್ಕದ ವಿಲಿಯಮ್ಸ್‌ಬರ್ಗ್. ಊರಿಗೆ ಊರೇ 1700ರ ದಶಕದ ಹಾಗೆ ಉಳಿಸಿರುವ ಜಾಗ. ಬೀದಿ ಸುತ್ತಲು ದುಡ್ಡಿಲ್ಲ, ಕಟ್ಟಡಗಳ ಒಳಗೆ ಹೋಗಲು ಟಿಕೆಟ್. ಕಮ್ಮಾರ, ಬಡಗಿ, ಚಪ್ಪಲಿ ಹೊಲಿಯುವವರು ಕೆಲಸ ಮಾಡುತ್ತಲೇ ಮಾತಾಡುತ್ತಾರೆ. ಬೇಸಿಗೆಯಲ್ಲಿ ಇಟ್ಟಿಗೆ ಮಾಡುವ ಜಾಗದಲ್ಲಿ ಮಕ್ಕಳು ಬರಿಗಾಲಲ್ಲಿ ಮಣ್ಣು ತುಳಿಯಬಹುದು. ಮಗನಿಗೆ ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಳ್ಳಿ.

ಜೆಫರ್ಸನ್ ಮನೆ ಮಾಂಟಿಚೆಲ್ಲೊವನ್ನು ಇದಕ್ಕೆ ಸೇರಿಸಬೇಡಿ. ಅದು ಇನ್ನೊಂದು ದಿಕ್ಕು. ಸೆಪ್ಟೆಂಬರ್ ಮೊದಲ ವಾರದ ಲಾಂಗ್ ವೀಕೆಂಡ್‌ಗೆ ಇಟ್ಟುಕೊಳ್ಳಿ. ಬಾಗಿಲಲ್ಲೇ ಏಳು ದಿನದ ಗಡಿಯಾರವಿದೆ. ಫಿರಂಗಿ ಗುಂಡಿನಂಥ ತೂಕಗಳು ಹಗ್ಗದಲ್ಲಿ ದಿನದಿನಕ್ಕೆ ಇಳಿಯುತ್ತವೆ. ಗೋಡೆಯ ಮೇಲೆ ವಾರಗಳ ಹೆಸರಿದೆ. ಹಗ್ಗಕ್ಕೆ ಜಾಗ ಸಾಲದೆ ನೆಲ ಕೊರೆದಿದ್ದಾರೆ, ಹಾಗಾಗಿ ಶನಿವಾರ ಬರುವುದು ನೆಲಮಾಳಿಗೆಯಲ್ಲಿ. ಸಾವಿರ ಅಡಿ ಉದ್ದದ ತರಕಾರಿ ತೋಟದಲ್ಲಿ ಅಮ್ಮನಿಗೆ ಬೆಂಡೆಕಾಯಿ, ಬದನೆಕಾಯಿ ಗುರುತು ಸಿಗುತ್ತದೆ. ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲರೂ ಸಮಾನರಾಗಿ ಹುಟ್ಟಿದವರು ಅಂತ ಬರೆದ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಅನ್ನುವುದನ್ನು ಅಲ್ಲಿ ಮುಚ್ಚಿಡದೆ ಹೇಳುತ್ತಾರೆ. ಮಾರನೆಯ ದಿನ ಹತ್ತಿರದ ಮಾಂಟ್‌ಪೀಲಿಯರ್‌ಗೆ, ಅಂದರೆ ನಾಲ್ಕನೆಯ ಅಧ್ಯಕ್ಷ ಮ್ಯಾಡಿಸನ್ ಮನೆಗೆ ಹೋದರೆ, ನೆಲಮಾಳಿಗೆಯಲ್ಲಿ ಇಟ್ಟಿಗೆಗಳ ಮೇಲೆ ಬೆರಳ ಗುರುತು ನೋಡಬಹುದು. ಹಸಿ ಇಟ್ಟಿಗೆ ತಿರುಗಿಸಿಡುವಾಗ ಗುಲಾಮರ ಮಕ್ಕಳ ಬೆರಳು ಒತ್ತಿದ್ದು, ಸುಟ್ಟ ಮೇಲೆ ಹಾಗೇ ಉಳಿದದ್ದು. ನನ್ನ ಮಗ ತನ್ನ ಕೈಯನ್ನು ಅದರ ಎದುರು ಗಾಳಿಯಲ್ಲಿ ಹಿಡಿದು ಅಳತೆ ನೋಡಿದ. ಹೆಚ್ಚು ಕಮ್ಮಿ ಅವನದೇ ಕೈ. ವಿಲಿಯಮ್ಸ್‌ಬರ್ಗ್‌ನಲ್ಲಿ ಮಣ್ಣು ತುಳಿದು ಬಂದ ನಿಮ್ಮ ಮಗನಿಗೆ ನೀವು ಏನೂ ವಿವರಿಸಬೇಕಾಗಿಲ್ಲ.

ಇನ್ನು ಓಡಾಟದ ವಿಷಯ. ಒಳಗಿನ ಟೂರ್‌ಗಳಲ್ಲಿ ನಿಂತೇ ಇರಬೇಕು. ಮೇಲಂತಸ್ತಿನ ಮೆಟ್ಟಿಲು ಕಿರಿದು, ಕಡಿದು. ಮಾಂಟಿಚೆಲ್ಲೊದಲ್ಲಂತೂ ಎರಡೇ ಅಡಿ ಅಗಲ. ಅಮ್ಮ ಕೆಳಗಿನ ಕೋಣೆಗಳನ್ನಷ್ಟೇ ನೋಡಿ ತೋಟದಲ್ಲಿ ಕೂರಲಿ, ಜೊತೆಗೆ ಒಬ್ಬರು ಇರಿ. ಗಾಲಿ ಕುರ್ಚಿ ಸಿಗುತ್ತದಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ನಮಗೆ ದಿನಾ ಈ ಫೋನ್ ಬರುತ್ತದೆ. ದುರಸ್ತಿಗಾಗಿ ಕೆಲವು ಕೋಣೆ ಮುಚ್ಚಿರುವುದುಂಟು, ಅದನ್ನೂ ಕೇಳಿ. ಹಳೇ ಮನೆಯಲ್ಲಿ ಶೌಚಾಲಯ ಇರುವುದಿಲ್ಲ, ಟಿಕೆಟ್ ಕೊಡುವ ಕಟ್ಟಡದಲ್ಲೇ ಮುಗಿಸಿಕೊಂಡು ಹೊರಡಿ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿ, ಹೊರಗಿನ ಬೆಂಚುಗಳಲ್ಲಿ ಊಟ ಮಾಡಿ. ಮಾಂಸ ಹೊಗೆಗೆ ಇಡುವ ಕೊಠಡಿ ಹಲವು ಕಡೆ ಇರುತ್ತದೆ. ಅಮ್ಮ ಸಸ್ಯಾಹಾರಿ ಆಗಿದ್ದರೆ ಮುಂಚೆಯೇ ಹೇಳಿಡಿ.

ಗೈಡ್‌ಗಳ ಇಂಗ್ಲಿಷ್ ವೇಗ ಹಿರಿಯರಿಗೆ ಹಿಡಿಸುವುದಿಲ್ಲ. ಮಗಳಿಗೆ ಒಂದು ಕೆಲಸ ಕೊಡಿ. ಹಿಂದಿನ ರಾತ್ರಿ ಆ ಮನೆಯ ಬಗ್ಗೆ ಐದು ಮಾತು ಕನ್ನಡದಲ್ಲಿ ಸಿದ್ಧ ಮಾಡಿಕೊಂಡು ಅಜ್ಜಿಗೆ ಹೇಳಲಿ. ಪದ ಸಿಗದಿದ್ದರೆ ಅಜ್ಜಿಯನ್ನೇ ಕೇಳಲಿ. ಕಡಗೋಲು, ಊದುಕೊಳವೆ, ಒನಕೆ, ಹಗೇವು ಇವೆಲ್ಲ ಅವಳ ಬಾಯಿಗೆ ಬರುವುದಕ್ಕೆ ಬೇರೆ ದಾರಿ ಇಲ್ಲ.

ಮೋರಿಸ್‌ಟೌನ್‌ಗೆ ಅಪ್ಪ ಅಮ್ಮ ಬಂದ ಎರಡನೆಯ ವಾರಕ್ಕೆ ಹೋಗಿ, ನಿದ್ದೆ ಸರಿಹೋಗಿರುತ್ತದೆ. ಫೋರ್ಡ್ ಮ್ಯಾನ್ಷನ್ ಒಳಗೆ ರೇಂಜರ್ ಜೊತೆ ಮಾತ್ರ ಬಿಡುತ್ತಾರೆ, ಟೂರ್ ಸಮಯ ನೋಡಿಕೊಂಡು ಹೊರಡಿ. ಮೌಂಟ್ ವರ್ನನ್‌ಗೆ ಬೆಳಗಿನ ಮೊದಲ ಟಿಕೆಟ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹನ್ನೊಂದರ ಮೇಲೆ ವರ್ಜೀನಿಯಾದ ಬಿಸಿಲು ಮಂಗಳೂರಿನ ಏಪ್ರಿಲ್ ಇದ್ದ ಹಾಗೆ ಇರುತ್ತದೆ. ಮನೆ ನೋಡಿ ಆದಮೇಲೆ ನದಿ ಕಡೆಯ ಎತ್ತರದ ಜಗಲಿಯಲ್ಲಿ ಬಂದವರು ಕೂರಲಿ ಅಂತಲೇ ಸಾಲಾಗಿ ಕುರ್ಚಿ ಇಟ್ಟಿರುತ್ತಾರೆ. ಅಮ್ಮನನ್ನು ಅಲ್ಲಿ ಕೂರಿಸಿ.